ತರಗತಿ ಸಹಾಯಕರಿಗೆ ಪಾಠದ ತಂತ್ರಜ್ಞಾನ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿಯಲ್ಲಿ ಶಿಕ್ಷಕರಲ್ಲದೆ ಇನ್ನೊಬ್ಬರು ಇರುತ್ತಾರೆ. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿನ ಪಕ್ಕ ಕೂರುವವರು, ಪ್ರೊಜೆಕ್ಟರಿಗೆ ಕೇಬಲ್ ಸಿಕ್ಕಿಸುವವರು, ಟ್ಯಾಬ್‌ಗಳನ್ನು ಎಣಿಸಿ ಚಾರ್ಜಿಗೆ ಹಾಕುವವರು ಅವರೇ. ಈ ಸಹಾಯಕರಿಗೆ ತರಬೇತಿ ಕೊಡುವವರು ಕೇಳುವ ಪ್ರಶ್ನೆಗಳು, ತರಬೇತಿಗೆ ಬಂದ ಸಹಾಯಕರೇ ಕೇಳುವ ಪ್ರಶ್ನೆಗಳು ಎರಡೂ ಇಲ್ಲಿವೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ, ಟ್ಯಾಬ್ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನಾದರೂ ಓದಿ.

ಶಿಕ್ಷಕರಿಗೆ ಹೇಗೂ ತರಬೇತಿ ಇದೆಯಲ್ಲ, ಸಹಾಯಕರಿಗೆ ಬೇರೆ ಯಾಕೆ?

ಇಬ್ಬರ ಕೆಲಸ ಬೇರೆ, ಅದಕ್ಕೆ. ಶಿಕ್ಷಕರು ಸಾಧನವನ್ನು ಇಡೀ ತರಗತಿಗೆ ತೋರಿಸುತ್ತಾರೆ. ಸಹಾಯಕರು ಅದೇ ಸಾಧನವನ್ನು ಒಂದು ಮಗುವಿನ ಜೊತೆ, ಒಂದು ಮೊಳ ದೂರದಲ್ಲಿ ಕೂತು ಬಳಸುತ್ತಾರೆ. ಸ್ಮಾರ್ಟ್ ಬೋರ್ಡಿನ ಮೇಲೆ ಬರೆಯುವುದು ಗೊತ್ತಿದ್ದರೆ ಶಿಕ್ಷಕರ ಕೆಲಸ ನಡೆಯುತ್ತದೆ. ಬೋರ್ಡಿನಲ್ಲಿರುವುದು ಮೂರನೇ ಸಾಲಿನ ಮಗುವಿಗೆ ಕಾಣುತ್ತಿಲ್ಲ ಎಂದು ಗಮನಿಸಿ, ಅದನ್ನೇ ಆ ಮಗುವಿನ ಟ್ಯಾಬಿನಲ್ಲಿ ದೊಡ್ಡದು ಮಾಡಿಕೊಡುವುದು ಸಹಾಯಕರ ಕೆಲಸ. ಶಿಕ್ಷಕರ ಯಾವ ಕಾರ್ಯಾಗಾರದಲ್ಲೂ ಇದನ್ನು ಹೇಳಿಕೊಡುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಿಂದ 2008ರವರೆಗೆ ಪೀಟರ್ ಬ್ಲ್ಯಾಚ್‌ಫರ್ಡ್ ಮತ್ತು ಸಂಗಡಿಗರು ಸಹಾಯಕ ಸಿಬ್ಬಂದಿಯ ಬಗ್ಗೆ ದೊಡ್ಡ ಅಧ್ಯಯನ ನಡೆಸಿದರು. ಸಹಾಯಕರ ನೆರವು ಹೆಚ್ಚು ಸಿಕ್ಕ ಮಕ್ಕಳು, ಅವರಂಥದೇ ಇತರ ಮಕ್ಕಳಿಗಿಂತ ಕಡಿಮೆ ಪ್ರಗತಿ ತೋರಿಸಿದರು ಎಂಬುದು ಅದರಲ್ಲಿ ಕಂಡುಬಂತು. ಸುದ್ದಿ ಕೇಳಿ ಹಲವರು ಸಹಾಯಕರನ್ನೇ ದೂರಿದರು. ಸಂಶೋಧಕರು ಬೊಟ್ಟು ಮಾಡಿದ್ದು ಬೇರೆ ಕಡೆಗೆ: ಸಹಾಯಕರನ್ನು ಸಿದ್ಧಗೊಳಿಸಿರಲಿಲ್ಲ, ಪಾಠ ಏನೆಂದು ಮೊದಲೇ ತಿಳಿಸಿರಲಿಲ್ಲ, ಹೆಚ್ಚು ಕಷ್ಟವಿರುವ ಮಕ್ಕಳನ್ನು ಶಿಕ್ಷಕರ ಬದಲು ಅವರ ಕೈಗೇ ಒಪ್ಪಿಸಿದ್ದರು. ಇಂಥ ವ್ಯವಸ್ಥೆಯೊಳಕ್ಕೆ ಟ್ಯಾಬ್ ತಂದಿಟ್ಟರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಕಂಪ್ಯೂಟರ್ ಮುಟ್ಟಿಯೇ ಇಲ್ಲದವರಿಗೆ ಎಲ್ಲಿಂದ ಶುರು ಮಾಡಬೇಕು?

ಅವರ ತರಗತಿಯಲ್ಲಿ ಇರುವ ಸಾಧನದಿಂದ. ‘ಕಂಪ್ಯೂಟರಿನ ಭಾಗಗಳು’ ಎಂಬ ಪಾಠ ಬೇಡವೇ ಬೇಡ. ಸಹಾಯಕರು ಸೋಮವಾರ ಬೆಳಿಗ್ಗೆ ಏನನ್ನು ಮುಟ್ಟಬೇಕೋ ಅದನ್ನೇ ಶನಿವಾರ ಮುಟ್ಟಿಸಿ: ಅದೇ ಟ್ಯಾಬ್, ಅದೇ ಪಾಸ್‌ವರ್ಡ್, ಅದೇ ಸವೆದ ಕೇಬಲ್. ತರಬೇತಿಗೆಂದು ತಂದ ಹೊಸ ಲ್ಯಾಪ್‌ಟಾಪಿನಲ್ಲಿ ಕಲಿತದ್ದು ತರಗತಿಯ ಹಳೆಯ ಲ್ಯಾಪ್‌ಟಾಪಿನ ಎದುರು ಮರೆತುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೊದಲ ವಾರಕ್ಕೆ ಇಷ್ಟು ಸಾಕು: ಆನ್-ಆಫ್, ಚಾರ್ಜು, ವಾಲ್ಯೂಮ್, ಪರದೆಯ ಬೆಳಕು, ಅಕ್ಷರ ದೊಡ್ಡದು ಮಾಡುವುದು, ಬೇಕಾದ ಆಪ್ ತೆರೆದು ಮುಚ್ಚುವುದು, ತಪ್ಪಿ ಬೇರೆಲ್ಲಿಗೋ ಹೋದರೆ ಹಿಂದಕ್ಕೆ ಬರುವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಹೊಸಬರ ಹೆದರಿಕೆ ಇರುವುದು ‘ಏನೋ ಒತ್ತಿ ಹಾಳುಮಾಡಿಬಿಟ್ಟರೆ?’ ಎಂಬುದರಲ್ಲಿ. ವಾಪಸ್ ಬರುವ ದಾರಿ ಗೊತ್ತಾದ ಗಳಿಗೆಯಲ್ಲೇ ಆ ಹೆದರಿಕೆ ಅರ್ಧ ಇಳಿಯುತ್ತದೆ. ಬೇಕೆಂದೇ ಹತ್ತು ಸಲ ದಾರಿ ತಪ್ಪಿಸಿ, ಹತ್ತು ಸಲವೂ ಅವರೇ ವಾಪಸ್ ಬರಲಿ.

ಒಂದು ದಿನದ ಕಾರ್ಯಾಗಾರ ಸಾಕೇ?

ಸಾಲದು. ಕಾರ್ಯಾಗಾರದಲ್ಲಿ ತಲೆಯಾಡಿಸಿದ್ದು ತರಗತಿಯಲ್ಲಿ ಕೈಗೆ ಬರುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಶಿಕ್ಷಕರ ತರಬೇತಿಯ ಬಗ್ಗೆ ಹೇಳಿದ್ದು ಇದನ್ನೇ: ವಿವರಣೆ, ಪ್ರಾತ್ಯಕ್ಷಿಕೆ, ಅಭ್ಯಾಸ ಎಲ್ಲ ಆದ ಮೇಲೂ ಯಾರಾದರೂ ತರಗತಿಗೇ ಬಂದು ಜೊತೆಗೆ ನಿಂತು ತಿದ್ದದಿದ್ದರೆ, ಕಲಿತದ್ದು ನಿಜವಾದ ಬಳಕೆಗೆ ಇಳಿಯುವುದು ಕಷ್ಟ.

ನಾನು ಅನುಸರಿಸುವ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ಹೇಳುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು, ಕೂಡಲೇ ಹೇಗಾಯಿತೆಂದು ಹೇಳುವುದು. ಹೇಳುವುದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಮಾಡಿಸುವುದಕ್ಕೆ ಅರ್ಧ ಗಂಟೆ ಹೋದರೂ ಹೋಗಲಿ. ಒಬ್ಬರು ಮಗುವಾಗಲಿ, ಇನ್ನೊಬ್ಬರು ಸಹಾಯಕರಾಗಲಿ, ಆಮೇಲೆ ಪಾತ್ರ ಬದಲಿಸಲಿ. ‘ಮಗು’ವಾಗಿ ಕೂತವರಿಗೆ ಪಕ್ಕದವರ ಬೆರಳು ಮೂಗಿನ ಮುಂದೆ ಬಂದು ಗುಂಡಿ ಒತ್ತಿದರೆ ಹೇಗನಿಸುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಅದನ್ನು ನೂರು ಸ್ಲೈಡ್ ಹಾಕಿ ಹೇಳಿದರೂ ಮನಸ್ಸಿಗೆ ಇಳಿಯುವುದಿಲ್ಲ.

ನಂತರ ವಾರಕ್ಕೆ ಒಮ್ಮೆ ಹದಿನೈದು ನಿಮಿಷ ತರಗತಿಯಲ್ಲೇ ನೋಡಿ, ಒಂದೇ ಒಂದು ವಿಷಯ ತಿದ್ದಿ. ಒಟ್ಟಿಗೆ ಮೂರು ಹೇಳಿದರೆ ಮೂರೂ ಹೋಗುತ್ತವೆ.

ಮಗುವಿನ ಪಕ್ಕ ಕೂತಾಗ ಟ್ಯಾಬ್ ಯಾರ ಕೈಯಲ್ಲಿರಬೇಕು?

ಮಗುವಿನ ಕೈಯಲ್ಲಿ. ಈ ಉತ್ತರ ಎಲ್ಲರಿಗೂ ಗೊತ್ತು. ಆದರೂ ಹೆಚ್ಚಿನ ತರಗತಿಗಳಲ್ಲಿ ಟ್ಯಾಬ್ ಸಹಾಯಕರ ಕೈಯಲ್ಲೇ ಇರುತ್ತದೆ.

ಯಾಕೆ ಹೀಗಾಗುತ್ತದೆ ಎಂದು ನೋಡಿ. ಪಾಠ ಮುಂದೆ ಓಡುತ್ತಿದೆ, ಮಗುವಿನ ಬೆರಳು ಇನ್ನೂ ಪರದೆಯ ಮೇಲೆ ಹುಡುಕುತ್ತಿದೆ, ಉಳಿದವರೆಲ್ಲ ಮುಗಿಸಿದ್ದಾರೆ. ಸಹಾಯಕಿಗೆ ಮಗುವಿನ ಮೇಲೆ ಕನಿಕರ, ಶಿಕ್ಷಕರು ನೋಡುತ್ತಿದ್ದಾರೆಂಬ ಅಳುಕು ಬೇರೆ. ಬೆರಳು ತಾನಾಗಿಯೇ ಮುಂದೆ ಹೋಗಿ ಸರಿ ಉತ್ತರ ಒತ್ತಿಬಿಡುತ್ತದೆ. ಪರದೆಯ ಮೇಲೆ ಹಸಿರು ಗುರುತು ಬರುತ್ತದೆ, ಆಪ್‌ನ ವರದಿಯಲ್ಲಿ ಮಗು ಎಲ್ಲ ಉತ್ತರ ಸರಿ ಬರೆದಿದೆ ಎಂದು ದಾಖಲಾಗುತ್ತದೆ. ಕಾಗದದ ಕಾಲದಲ್ಲಿ ಸಹಾಯಕರ ಕೈಬರಹ ಎದ್ದು ಕಾಣುತ್ತಿತ್ತು. ಟ್ಯಾಬಿನಲ್ಲಿ ಯಾರ ಬೆರಳು ಒತ್ತಿತೆಂದು ತಿಳಿಯುವ ದಾರಿಯೇ ಇಲ್ಲ. ಆ ಸುಳ್ಳು ವರದಿಯನ್ನು ನಂಬಿ ಶಿಕ್ಷಕರು ಮುಂದಿನ ಪಾಠಕ್ಕೆ ಹೋಗುತ್ತಾರೆ.

ಅಮೆರಿಕದಲ್ಲಿ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂಟಿಕೊಂಡು ಕೂರುವ ಅಭ್ಯಾಸದ ಬಗ್ಗೆಯೇ ಇದೆ. ಸಹಾಯಕರು ಸದಾ ಪಕ್ಕದಲ್ಲೇ ಇದ್ದಾಗ ಮಗು ಅವರನ್ನೇ ನೆಚ್ಚಿಕೊಂಡಿತು, ಓರಗೆಯ ಮಕ್ಕಳಿಂದ ದೂರವಾಯಿತು, ಶಿಕ್ಷಕರೂ ಆ ಮಗುವಿನ ಹೊಣೆಯನ್ನು ಕ್ರಮೇಣ ಬಿಟ್ಟುಕೊಟ್ಟರು.

ಆದ್ದರಿಂದ ತರಬೇತಿಯಲ್ಲಿ ಸಾಧನ ಮುಟ್ಟುವುದರಷ್ಟೇ ಮುಟ್ಟದಿರುವುದನ್ನೂ ಕಲಿಸಬೇಕು. ಕ್ರಮ ಹೀಗಿರಲಿ: ಮೊದಲು ಕಾಯಿರಿ. ಆಮೇಲೆ ಕಣ್ಣಿನಿಂದಲೋ ಬೆರಳಿನಿಂದಲೋ ತೋರಿಸಿ, ಪರದೆ ಮುಟ್ಟಬೇಡಿ. ಆಗಲಿಲ್ಲವೆಂದರೆ ಒಂದು ಮಾತಿನ ಸುಳಿವು. ಅದೂ ಸಾಲದಿದ್ದರೆ ಒಮ್ಮೆ ಮಾಡಿ ತೋರಿಸಿ, ನೀವು ಮಾಡಿದ್ದನ್ನು ಅಳಿಸಿ, ಮಗುವಿಗೆ ಕೊಡಿ. ಕೈ ಹಿಡಿದು ಮಾಡಿಸುವುದು ತೀರಾ ಕೊನೆಗೆ, ಅದೂ ಮಗುವಿಗೆ ಒಪ್ಪಿಗೆ ಇದ್ದರೆ. ಮಾತಿನ ಸುಳಿವನ್ನು ಆದಷ್ಟು ಕಡಿಮೆ ಬಳಸಿ ಎನ್ನುವುದು ನನ್ನ ಸಲಹೆ. ತೋರಿಸುವ ಬೆರಳನ್ನು ದಿನದಿಂದ ದಿನಕ್ಕೆ ಹಿಂದೆ ಸರಿಸಬಹುದು. ‘ಈಗ ಅದನ್ನು ಒತ್ತು, ಈಗ ಇದನ್ನು ಒತ್ತು’ ಎಂಬ ಮಾತಿಗೆ ಒಗ್ಗಿದ ಮಗು ಆ ದನಿ ಕೇಳುವವರೆಗೆ ಕೈ ಎತ್ತುವುದೇ ಇಲ್ಲ.

ಎಷ್ಟು ಕಾಯಬೇಕು? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು. ಅದು ಬಾಯಿಮಾತಿನ ಲೆಕ್ಕ. ಸಾಧನ ಬಳಸುವ ಮಗು ಪ್ರಶ್ನೆ ಕೇಳಿಸಿಕೊಳ್ಳಬೇಕು, ಗುಂಡಿ ಹುಡುಕಬೇಕು, ಕೈಯನ್ನು ಅಲ್ಲಿಗೆ ಒಯ್ಯಬೇಕು. ಹತ್ತು ಸೆಕೆಂಡ್ ಕೊಡಿ. ಕೈಕಟ್ಟಿ ಕೂತು ಮನಸ್ಸಿನಲ್ಲೇ ಹತ್ತು ಎಣಿಸುವುದನ್ನು ಅಭ್ಯಾಸ ಮಾಡಿಸಿ. ಎಷ್ಟು ದೀರ್ಘವೆನಿಸುತ್ತದೆ ಎಂದು ಎಲ್ಲರಿಗೂ ಅಚ್ಚರಿಯಾಗುತ್ತದೆ.

ಮಾತು ಬಾರದ ಮಗುವಿಗೆ ಚಿತ್ರ ಒತ್ತಿದರೆ ಮಾತಾಡುವ ಆಪ್ ಕೊಟ್ಟಿದ್ದಾರೆ. ಸಹಾಯಕರಿಗೆ ಏನು ಕಲಿಸಬೇಕು?

ಮೊದಲು ಒಂದು ತಪ್ಪು ನಂಬಿಕೆ ಬಿಡಿಸಿ: ‘ಇದನ್ನು ಅಭ್ಯಾಸ ಮಾಡಿಸಿದರೆ ಮಗು ಮಾತಾಡುವುದನ್ನೇ ಬಿಡುತ್ತದೆ.’ ಇಂಥ ಸಂವಹನ ಸಾಧನಗಳ ಬಗ್ಗೆ ಆದ ಅಧ್ಯಯನಗಳನ್ನು 2006ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಆಯ್ದ 27 ಮಕ್ಕಳು ಮತ್ತು ದೊಡ್ಡವರಲ್ಲಿ ಒಬ್ಬರ ಬಾಯಿಮಾತೂ ಇದರಿಂದ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಒಂದಿಷ್ಟು ಹೆಚ್ಚಾಗಿತ್ತು.

ಎರಡನೆಯದು, ಸಹಾಯಕರೂ ಅದೇ ಆಪ್‌ನಲ್ಲಿ ಮಾತಾಡಬೇಕು. ಹಸುಗೂಸಿನ ಎದುರು ವರ್ಷವಿಡೀ ನಾವು ಮಾತಾಡಿದ ಮೇಲೆ ತಾನೇ ಅದು ಮೊದಲ ಮಾತಾಡುವುದು? ಚಿತ್ರಗಳ ಭಾಷೆಯನ್ನು ಮಾತ್ರ ಯಾರೂ ಬಳಸಿ ತೋರಿಸದೆ ಮಗು ಬಳಸಬೇಕೆನ್ನುತ್ತೇವೆ. ‘ಇನ್ನೂ ಬೇಕಾ?’ ಎಂದು ಬಾಯಲ್ಲಿ ಕೇಳುತ್ತಲೇ ‘ಇನ್ನೂ’, ‘ಬೇಕು’ ಎರಡನ್ನೂ ಒತ್ತಿ ತೋರಿಸಿ. ಮಗು ತಿರುಗಿ ಒತ್ತಲೇಬೇಕೆಂಬ ಒತ್ತಾಯ ಬೇಡ. ಹಿಂದಿನ ಪ್ರಶ್ನೆಯಲ್ಲಿ ಮುಟ್ಟಬೇಡಿ ಎಂದವರು ಇಲ್ಲಿ ಮುಟ್ಟಿ ಎನ್ನುತ್ತೀರಲ್ಲ ಎಂದು ತರಬೇತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಒತ್ತಿದ್ದು ಮಗುವಿನ ಉತ್ತರವನ್ನು, ಇಲ್ಲಿ ಒತ್ತುವುದು ನಮ್ಮ ಮಾತನ್ನು.

ಮೂರನೆಯದು ಪದಗಳ ಆಯ್ಕೆ. ಬಣ್ಣ, ಪ್ರಾಣಿ, ಹಣ್ಣುಗಳ ಹೆಸರನ್ನೇ ತುಂಬಿದ ಪುಟಗಳು ನೋಡಲು ಚೆಂದ. ಆದರೆ ನಾವು ದಿನವಿಡೀ ಆಡುವ ಮಾತಿನ ಬಹುಪಾಲು ಕೆಲವೇ ನೂರು ಪದಗಳಲ್ಲಿ ನಡೆಯುತ್ತದೆ: ನಾನು, ಬೇಕು, ಬೇಡ, ಹೋಗು, ಕೊಡು, ಅದು, ಯಾಕೆ, ಸಾಕು. ‘ಬೇಡ’ ಎಂಬ ಗುಂಡಿ ಇಲ್ಲದ ಪುಟವನ್ನು ನಾನು ಕಂಡಿದ್ದೇನೆ. ಆ ಮಗು ದಿನಕ್ಕೆ ಹಲವು ಸಲ ಟ್ಯಾಬ್ ಎಸೆಯುತ್ತಿತ್ತು, ಎಲ್ಲರೂ ಅದನ್ನು ಹಟವೆಂದು ಬರೆದಿಟ್ಟಿದ್ದರು.

ಗುಂಡಿಗಳ ಜಾಗ ಬದಲಿಸಬೇಡಿ. ನಮ್ಮ ಬೆರಳಿಗೆ ಕೀಲಿಮಣೆಯ ಅಕ್ಷರ ಗೊತ್ತಿರುವ ಹಾಗೆ ಮಗುವಿನ ಬೆರಳಿಗೆ ಆ ಜಾಗ ಗೊತ್ತಾಗಿರುತ್ತದೆ. ಮತ್ತೆ, ಗಲಾಟೆ ಮಾಡಿತೆಂದು ಸಾಧನ ಕಸಿದುಕೊಳ್ಳಬಾರದು. ಶಿಕ್ಷೆಗೆಂದು ಬೇರೆ ಮಕ್ಕಳ ಬಾಯಿಗೆ ನಾವು ಪ್ಲಾಸ್ಟರ್ ಹಚ್ಚುವುದಿಲ್ಲವಲ್ಲ.

ಕಣ್ಣು ಕಾಣದ ಅಥವಾ ಕಿವಿ ಕೇಳದ ಮಗುವಿಗೆ?

ಸ್ಕ್ರೀನ್ ರೀಡರ್ ಎಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ. ವಿಂಡೋಸ್‌ಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಪ್ಯಾಡಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಸಹಾಯಕರು ಎಡವುವ ಜಾಗ ಒಂದೇ. ಟಾಕ್‌ಬ್ಯಾಕ್ ಆನ್ ಆದರೆ ಒಂದು ಸಲ ತಟ್ಟಿದರೆ ಆಪ್ ತೆರೆಯುವುದಿಲ್ಲ, ಅದರ ಹೆಸರು ಹೇಳುತ್ತದೆ ಅಷ್ಟೆ. ತೆರೆಯಲು ಎರಡು ಸಲ ತಟ್ಟಬೇಕು, ಪುಟ ಸರಿಸಲು ಎರಡು ಬೆರಳು ಬೇಕು. ಇದು ಗೊತ್ತಿಲ್ಲದವರು ಟ್ಯಾಬ್ ಕೆಟ್ಟಿದೆ ಎಂದುಕೊಂಡು ಟಾಕ್‌ಬ್ಯಾಕನ್ನೇ ಆಫ್ ಮಾಡಿಬಿಡುತ್ತಾರೆ. ತರಬೇತಿಯಲ್ಲಿ ಪರದೆಯ ಮೇಲೆ ಬಟ್ಟೆ ಹೊದಿಸಿ, ಬರೀ ಕಿವಿಯಿಂದ ಒಂದು ಕಡತ ತೆರೆಯಲು ಹೇಳಿ. ಹದಿನೈದು ನಿಮಿಷ ಪರದಾಡಲಿ.

ಶ್ರವಣಯಂತ್ರ ಹಾಕಿದ ಮಗುವಿಗೆ ಶಿಕ್ಷಕರ ಕೊರಳಿಗೆ ಹಾಕುವ ಮೈಕ್ ಇದ್ದರೆ, ಅದನ್ನು ಬೆಳಿಗ್ಗೆ ಪರೀಕ್ಷಿಸುವುದು, ಗುಂಪು ಚರ್ಚೆಯಲ್ಲಿ ಮಾತಾಡುವವರ ಕೈಗೆ ದಾಟಿಸುವುದು ಸಹಾಯಕರ ಕೆಲಸ. ವಿರಾಮದಲ್ಲಿ ಆಫ್ ಮಾಡಿಸುವುದೂ ಅವರದೇ. ಶಿಕ್ಷಕರ ಖಾಸಗಿ ಹರಟೆಯೆಲ್ಲ ಒಂದು ಮಗುವಿನ ಕಿವಿಗೆ ನೇರವಾಗಿ ಹೋದದ್ದುಂಟು. ವಿಡಿಯೊದಲ್ಲಿ ತಾನಾಗಿ ಮೂಡುವ ಶೀರ್ಷಿಕೆಗಳನ್ನು (ಆಡಿದ ಮಾತು ಪರದೆಯ ಕೆಳಗೆ ಅಕ್ಷರವಾಗಿ ಕಾಣುವ ಸಬ್‌ಟೈಟಲ್) ಮೊದಲೇ ಓದಿ ನೋಡಿ. ಹೆಸರು, ಅಂಕಿ, ಪಾರಿಭಾಷಿಕ ಪದಗಳಲ್ಲಿ ಅವು ಎಡವುತ್ತವೆ, ಪಾಠದಲ್ಲಿ ಮುಖ್ಯವಾದವೂ ಅವೇ.

ವಿಡಿಯೊ ಹಾಕಿದ ಮೇಲೆ ಸಹಾಯಕರಿಗೆ ಬಿಡುವು, ಅಲ್ಲವೇ?

ತರಗತಿಯಲ್ಲಿ ದೀಪ ಆರಿದರೆ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಿಜವಾಗಿ ಆಗಲೇ ಮಕ್ಕಳ ಮುಖ ನೋಡಬೇಕಾದ್ದು. ಎಲ್ಲಿ ಗಮನ ತಪ್ಪಿತು, ಯಾವ ಮಾತು ಅರ್ಥವಾಗಲಿಲ್ಲ ಎಂದು ಗುರುತು ಹಾಕಿಕೊಂಡು ಶಿಕ್ಷಕರಿಗೆ ಸನ್ನೆ ಮಾಡಿ ನಿಲ್ಲಿಸಬೇಕು. ಹತ್ತು ನಿಮಿಷದ ವಿಡಿಯೊವನ್ನು ಮೂರು ತುಂಡು ಮಾಡಿ ನಡುವೆ ಒಂದೊಂದು ಪ್ರಶ್ನೆ ಕೇಳುವುದು ಒಮ್ಮೆಲೇ ತೋರಿಸುವುದಕ್ಕಿಂತ ಮೇಲು. ಕ್ಷಣಕ್ಕೆ ಹಲವು ಸಲ ಮಿಂಚುವ ದೃಶ್ಯಗಳಿದ್ದರೆ ಹಾಕಲೇಬೇಡಿ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿನುಗುವ ಚಿತ್ರ ಕೆಲವು ಮಕ್ಕಳಿಗೆ ಮೂರ್ಛೆ ತರಿಸಬಹುದು ಎಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡವೇ ಎಚ್ಚರಿಸುತ್ತದೆ.

ಚಿತ್ರ, ಅದರ ವಿವರಣೆಯ ದನಿ, ಅದೇ ಮಾತು ಮತ್ತೆ ಅಕ್ಷರದಲ್ಲಿ: ಮೂರೂ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಕಲಿಕೆ ಕುಗ್ಗುತ್ತದೆ ಎಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಕಿವಿ ಕೇಳದ ಮಗುವಿಗೆ, ಆ ಭಾಷೆ ಹೊಸದಾದ ಮಗುವಿಗೆ ಮಾತ್ರ ಅಕ್ಷರ ಬೇಕೇ ಬೇಕು. ಹಾಗಾಗಿ ‘ಶೀರ್ಷಿಕೆ ಬೇಕೋ ಬೇಡವೋ’ ಎಂಬುದಕ್ಕೆ ತರಗತಿ ನೋಡಿಯೇ ಉತ್ತರಿಸಬೇಕು.

ಇಲ್ಲೇ ಒಂದು ಮಾತು. ‘ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30 ನೆನಪಿರುತ್ತದೆ’ ಎಂಬ ಪಿರಮಿಡ್ ಚಿತ್ರ ಎಷ್ಟೋ ತರಬೇತಿಗಳ ಮೊದಲ ಸ್ಲೈಡಿನಲ್ಲಿ ಇರುತ್ತದೆ, ಕೆಳಗೆ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರು. ಡೇಲ್ 1946ರಲ್ಲಿ ರಚಿಸಿದ ‘ಅನುಭವದ ಶಂಕು’ವಿನಲ್ಲಿ ಒಂದು ಅಂಕಿಯೂ ಇರಲಿಲ್ಲ, ಅವೆಲ್ಲ ಆಮೇಲೆ ಯಾರೋ ಅಂಟಿಸಿದವು. ಆ ಸ್ಲೈಡ್ ಇದ್ದರೆ ತೆಗೆದುಹಾಕಿ.

ಪಾಠದ ಮಧ್ಯೆ ಸಾಧನ ಕೈಕೊಟ್ಟರೆ?

ಎರಡು ನಿಮಿಷ ಪ್ರಯತ್ನಿಸಿ, ಆಮೇಲೆ ಬಿಟ್ಟುಬಿಡಿ. ಮಕ್ಕಳ ಎದುರು ಇಪ್ಪತ್ತು ನಿಮಿಷ ಕೇಬಲ್ ಅಲ್ಲಾಡಿಸುವುದಕ್ಕಿಂತ ಕಪ್ಪುಹಲಗೆ ಎಷ್ಟೋ ವಾಸಿ.

ಆ ಎರಡು ನಿಮಿಷದಲ್ಲಿ: ಪರದೆ ಖಾಲಿಯಿದ್ದರೆ ಪ್ರೊಜೆಕ್ಟರಿನ ಇನ್‌ಪುಟ್ ಸರಿಯಿದೆಯೇ ನೋಡಿ, ನಂತರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿ ಜೊತೆ ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ಚಿತ್ರ ಬಂದು ದನಿ ಬರದಿದ್ದರೆ, ದನಿ ಎಚ್‌ಡಿಎಂಐ ಕೇಬಲ್ ಹಿಡಿದು ಪ್ರೊಜೆಕ್ಟರಿಗೆ ಹೋಗಿರುತ್ತದೆ, ಸ್ಪೀಕರ್ ಚಿಹ್ನೆ ಒತ್ತಿ ವಾಪಸ್ ಕರೆತನ್ನಿ. ಸ್ಮಾರ್ಟ್ ಬೋರ್ಡಿನಲ್ಲಿ ಬೆರಳು ಒಂದು ಕಡೆ, ಗೆರೆ ಇನ್ನೊಂದು ಕಡೆ ಮೂಡುತ್ತಿದ್ದರೆ ಕ್ಯಾಲಿಬ್ರೇಶನ್ ಮಾಡಬೇಕು, ಅಂದರೆ ಬೆರಳು ಮುಟ್ಟುವ ಜಾಗವನ್ನು ಬೋರ್ಡಿಗೆ ಮತ್ತೆ ಹೊಂದಿಸಬೇಕು. ಟ್ಯಾಬ್ ನಿಂತುಹೋದರೆ ರೀಸ್ಟಾರ್ಟ್. ಇಂಟರ್ನೆಟ್ ಕೈಕೊಡುವುದಕ್ಕೆ ಮದ್ದು ತರಗತಿಯಲ್ಲಿಲ್ಲ, ಹಿಂದಿನ ದಿನವೇ ವಿಡಿಯೊ ಇಳಿಸಿಟ್ಟುಕೊಳ್ಳಬೇಕು.

ಉಬ್ಬಿದ ಬ್ಯಾಟರಿ ಕಂಡರೆ ಮಾತ್ರ ಎರಡು ನಿಮಿಷವೂ ಇಲ್ಲ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಮಕ್ಕಳಿಂದ ದೂರ ಇಟ್ಟು ಹೊಣೆ ಹೊತ್ತವರಿಗೆ ತಿಳಿಸಿ.

ಶಿಕ್ಷಕರು ಮುಂಚೆ ಏನೂ ಹೇಳುವುದಿಲ್ಲ. ಸಹಾಯಕರು ತಯಾರಾಗುವುದು ಹೇಗೆ?

ಸಹಾಯಕರು ಹೆಚ್ಚಾಗಿ ಹೇಳಿಕೊಳ್ಳುವ ಕಷ್ಟ ಇದೇ. ನ್ಯಾಯವಾದದ್ದೂ ಹೌದು. ಯಾವ ಆಪ್, ಯಾವ ಪುಟ, ಯಾವ ಮಗುವಿಗೆ ಎಂದು ತರಗತಿಯ ಬಾಗಿಲಲ್ಲಿ ನಿಂತು ತಿಳಿದುಕೊಂಡವರು ಮಗುವಿನ ಜೊತೆಗೇ ಕಲಿಯುತ್ತಿರುತ್ತಾರೆ. ತರಬೇತಿಗೆ ಶಿಕ್ಷಕರನ್ನೂ ಜೋಡಿಯಾಗಿ ಕರೆಯಿರಿ, ಕೊನೆಯ ಪಕ್ಷ ಅರ್ಧ ದಿನಕ್ಕೆ. ಆಮೇಲೆ ಒಂದು ಚೀಟಿಯ ರೂಢಿ ಮಾಡಿಕೊಳ್ಳಲಿ: ಪಾಠದ ಗುರಿ ಒಂದು ಸಾಲು, ಬಳಸುವ ಸಾಧನ, ಯಾವ ಮಗು ಯಾವುದನ್ನು ತಾನೇ ಮಾಡಬೇಕು. ಚೀಟಿಯ ಹಿಂಬದಿಯಲ್ಲಿ ಸಹಾಯಕರು ಬರೆಯುವುದು ಒಂದೇ ಸಾಲು: ‘ಮೂರರಲ್ಲಿ ಎರಡು ತಾನೇ ಮಾಡಿದ, ಮೂರನೆಯದಕ್ಕೆ ನಾನು ತೋರಿಸಿದೆ.’ ಆಪ್‌ನ ಹಸಿರು ಗುರುತಿಗಿಂತ ಆ ಸಾಲು ಹೆಚ್ಚು ನಂಬಿಕೆಗೆ ಯೋಗ್ಯ.

ಸಹಾಯಕರು ತಾವೇ ವರ್ಕ್‌ಶೀಟ್, ಸ್ಲೈಡ್ ತಯಾರಿಸಬಹುದೇ?

ಶಿಕ್ಷಕರು ನೋಡಿ ಒಪ್ಪಿದರೆ ಖಂಡಿತ. ಕೆಲವು ಎಚ್ಚರಗಳಿವೆ. ಪುಸ್ತಕದ ಪುಟದ ಫೋಟೊ ತೆಗೆದು ಹಾಗೇ ಅಂಟಿಸಿದರೆ ಅದು ಬರೀ ಚಿತ್ರ, ಸ್ಕ್ರೀನ್ ರೀಡರ್ ಅದರಲ್ಲಿ ಅಕ್ಷರ ಕಾಣುವುದೇ ಇಲ್ಲ. ಪಠ್ಯವನ್ನು ಟೈಪ್ ಮಾಡಿ. ತಿಳಿ ಹಳದಿಯ ಮೇಲೆ ಬಿಳಿ ಅಕ್ಷರದಂಥ ಸಾಹಸ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರಷ್ಟು ವ್ಯತ್ಯಾಸ ಇರಬೇಕೆಂಬುದು ಒಪ್ಪಿತ ಮಾನದಂಡ, ಕಪ್ಪು-ಬಿಳಿಗೆ ಅದು 21:1. ‘ಕೆಂಪು ಬಣ್ಣದವನ್ನು ಗುರುತಿಸಿ’ ಎಂದಷ್ಟೇ ಬರೆದರೆ ಬಣ್ಣಗುರುಡಿರುವ ಮಗು ಅಲ್ಲೇ ಉಳಿಯಿತು. ಕುಣಿಯುವ ಚಿತ್ರಗಳನ್ನು ಹಾಕುವ ಆಸೆಯನ್ನೂ ತಡೆದುಕೊಳ್ಳಿ, ಮಕ್ಕಳು ಅದನ್ನೇ ನೋಡುತ್ತಾರೆ.

ಎಐ ಬಳಸಿ ತಯಾರಿಸಿದರೆ?

ಕರಡಿಗೆ ಆಗಬಹುದು. ಪ್ರತಿ ಉತ್ತರವನ್ನೂ ಮನುಷ್ಯರೇ ಲೆಕ್ಕ ಹಾಕಿ ನೋಡಲಿ. ಮಗುವಿನ ಹೆಸರು, ಅಂಗವೈಕಲ್ಯ, ಮನೆಯ ವಿಷಯ ಯಾವುದನ್ನೂ ಅದರಲ್ಲಿ ಬರೆಯಬಾರದು.

ಮಕ್ಕಳ ಫೋಟೊ, ವಿಡಿಯೊ ತೆಗೆಯಬಹುದೇ?

ಸ್ವಂತ ಮೊಬೈಲಿನಲ್ಲಿ ಬೇಡ. ಶಾಲೆಯ ಸಾಧನದಲ್ಲಿ, ಪೋಷಕರ ಲಿಖಿತ ಒಪ್ಪಿಗೆ ಇದ್ದರೆ, ಕಲಿಕೆಯ ದಾಖಲೆಗೆ ಮಾತ್ರ. ಸಹಾಯಕರ ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ನಮ್ಮ ಪುಟಾಣಿ ಇವತ್ತು ಮೊದಲ ಸಲ...’ ಎಂದು ಹಾಕುವುದು ಪ್ರೀತಿಯಿಂದಲೇ, ಗೊತ್ತು. ಆದರೆ ಆ ಮಗುವಿನ ತೊಂದರೆಯನ್ನು ಊರಿಗೆಲ್ಲ ಹೇಳಿದಂತಾಯಿತು. ಪಾಸ್‌ವರ್ಡನ್ನು ಟ್ಯಾಬಿನ ಬೆನ್ನಿಗೆ ಅಂಟಿಸುವ ಅಭ್ಯಾಸವನ್ನೂ ಇದೇ ತರಬೇತಿಯಲ್ಲಿ ಬಿಡಿಸಿ.

ವಯಸ್ಸಾದ ಸಹಾಯಕರು ಕಲಿಯುತ್ತಾರೆಯೇ?

ಕಲಿಯುತ್ತಾರೆ. ಅವಸರದಲ್ಲಿ ಮೌಸ್ ಕಸಿದುಕೊಂಡು ‘ನೋಡಿ, ಹೀಗೆ’ ಎನ್ನುವ ತರಬೇತುದಾರರೇ ಅವರಿಗೆ ಅಡ್ಡಿ. ಮಗುವಿಗೆ ಹೇಗೆ ಕಲಿಸಬಾರದು ಎಂದು ಹೇಳಿಕೊಡುತ್ತಲೇ ನಾವು ದೊಡ್ಡವರಿಗೆ ಹಾಗೆ ಕಲಿಸುತ್ತೇವೆ.

ತರಬೇತಿ ಫಲ ಕೊಟ್ಟಿದೆಯೇ ಎಂದು ಅಳೆಯುವುದು ಹೇಗೆ?

ಪ್ರಮಾಣಪತ್ರ, ಕೊನೆಯಲ್ಲಿ ತುಂಬಿಸುವ ‘ತುಂಬಾ ಉಪಯುಕ್ತವಾಗಿತ್ತು’ ನಮೂನೆ, ಎರಡರಿಂದಲೂ ಏನೂ ತಿಳಿಯುವುದಿಲ್ಲ. ತರಬೇತಿಗೆ ಮುಂಚೆ ಒಮ್ಮೆ, ಒಂದು ತಿಂಗಳಾದ ಮೇಲೆ ಒಮ್ಮೆ ತರಗತಿಯ ಮೂಲೆಯಲ್ಲಿ ಹತ್ತು ನಿಮಿಷ ಕೂತು ಎರಡು ಗೆರೆ ಪಟ್ಟಿ ಹಾಕಿ: ಸಾಧನವನ್ನು ಮಗು ಎಷ್ಟು ಸಲ ಮುಟ್ಟಿತು, ಸಹಾಯಕರು ಎಷ್ಟು ಸಲ ಮುಟ್ಟಿದರು. ಆ ಕಾಗದವನ್ನು ಸಹಾಯಕರಿಗೇ ಕೊಡಿ, ಮೇಲಿನವರಿಗೆ ಬೇಡ. ಪರೀಕ್ಷೆಯೆಂದು ತಿಳಿದರೆ ಅವರು ಆ ಹತ್ತು ನಿಮಿಷ ಮಾತ್ರ ಕೈಕಟ್ಟಿ ಕೂರುತ್ತಾರೆ.